ನಾನು ನಿಲ್ಲಿಸಿದ ಬಿ.ಪಿ. ಮಾತ್ರೆ

ಹತ್ತನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಏನು ಕೇಳಿದರೂ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಹಾರನಹಳ್ಳಿ ಕಡೆಯ ನಮ್ಮೂರಿನಲ್ಲಿ ಆ ಕಾಲಕ್ಕೆ ಹಾಗೆ ಪಾಸಾದವನು ನಾನೊಬ್ಬನೇ. ಎತ್ತಿನ ಜ್ವರಕ್ಕೂ ಅತ್ತೆ ಸೊಸೆಯರ ಜಗಳಕ್ಕೂ ನನ್ನನ್ನೇ ಕೇಳುತ್ತಿದ್ದರು. ಎತ್ತುಗಳು ಹೇಗೋ ಬದುಕಿಕೊಂಡವು. ಏಟು ಬಿದ್ದದ್ದು ನನ್ನ ಹೆಂಡತಿ ಜಯಮ್ಮನಿಗೆ.

ಅವಳಿಗೆ ಬಿ.ಪಿ. ಇತ್ತು, ದಿನಾ ಬೆಳಿಗ್ಗೆ ಒಂದು ಮಾತ್ರೆ. ಹೋದ ವರ್ಷ ನರ್ಸಮ್ಮ ಪರೀಕ್ಷೆ ಮಾಡಿ, "ಈಗ ಚೆನ್ನಾಗೈತೆ ಕಣಮ್ಮ" ಅಂದರು. ನಾನು ನಲವತ್ತು ವರ್ಷ ಹೊಗೆಸೊಪ್ಪು ಬೇಯಿಸಿದವನು. ಬ್ಯಾರನ್ ಎಂಬ ಬೇಯಿಸುವ ಮನೆಯಲ್ಲಿ ಸೊಪ್ಪು ಹದ ಮಾಡುವಾಗ ಥರ್ಮಾಮೀಟರು ಬೇಕಾದ ಶಾಖ ತೋರಿಸಿತೆಂದರೆ ಸೌದೆ ಇಡುವುದನ್ನು ನಿಲ್ಲಿಸಬೇಕು. ಇನ್ನೂ ತುರುಕಿದರೆ ಸೊಪ್ಪೆಲ್ಲ ಕರಕಲು. ಆ ಬುದ್ಧಿಯನ್ನೇ ಮಾತ್ರೆಗೂ ಓಡಿಸಿದೆ.

"ಸಾಕು ಬುಡಮ್ಮಿ, ಸರಿಹೋದ ಮೇಲೂ ಯಾಕೆ ನುಂಗ್ತೀಯ?"

"ಡಾಕ್ಟ್ರು ನಿಲ್ಲಿಸ್ಬ್ಯಾಡಿ ಅಂದವ್ರಲ್ಲಾ?"

"ಡಾಕ್ಟ್ರು ಬ್ಯಾರನ್ ಕಂಡವ್ರಾ?"

ಅವಳು ನಕ್ಕು ಒಪ್ಪಿಕೊಂಡಳು. ಉಳಿದ ಮಾತ್ರೆಗಳನ್ನು ನಾನೇ ಅಟ್ಟಕ್ಕೆ ಎಸೆದೆ.

ಮೂರನೇ ತಿಂಗಳು, ಹಾಲು ಕರೆಯುತ್ತಾ ಕೂತವಳು ಒಂದು ಮಗ್ಗುಲಿಗೆ ವಾಲಿದಳು. ಲಕ್ವ. ಬಲಗೈ ಹೋಯಿತು, ಮಾತೂ ಹೋಯಿತು. ಹುಣಸೂರಿನ ಡಾಕ್ಟರು ನನ್ನನ್ನೂ ಮಗಳು ಸವಿತಳನ್ನೂ ಕೂರಿಸಿಕೊಂಡು ವಿವರಿಸಿದರು. ಕಿಡ್ನಿಯಿಂದ ಒಂದು ಹಾರ್ಮೋನು ಹೊರಡುತ್ತದಂತೆ. ಅದು ಶುರು ಮಾಡಿದ ಕೆಲಸದಿಂದ ರಕ್ತನಾಳ ಬಿಗಿದು, ಉಪ್ಪೂ ನೀರೂ ಮೈಯಲ್ಲೇ ಉಳಿದು, ಒತ್ತಡ ಏರುತ್ತದಂತೆ. ಏರಿದ ಒತ್ತಡದಲ್ಲಿ ನಾಳದ ಒಳಗೋಡೆ ಹಾಳಾಗುತ್ತಾ ದಾರಿ ಕಿರಿದಾಗಿ, ಒಂದು ದಿನ ಮೆದುಳಿಗೆ ಹೋಗುವ ರಕ್ತ ನಿಂತೇಬಿಡುತ್ತದಂತೆ. "ಆ ಹಾರ್ಮೋನಿನ ಕೆಲಸಾನ ತಡೆದಿದ್ದೇ ಮಾತ್ರೆ, ಯಜಮಾನ್ರೇ. ಮಾತ್ರೆ ತಗೊಂಡಿದ್ದಕ್ಕೇ ಬಿ.ಪಿ. ಸರಿ ಇತ್ತು. ಯಾಕೆ ಬಿಟ್ರು?"

ನಾನು ಸೌದೆ ಅಂದುಕೊಂಡಿದ್ದು ಬೆಂಕಿಗೆ ಇಟ್ಟ ತಡೆಯಾಗಿತ್ತು. ಸವಿತ ನನ್ನ ಮುಖ ನೋಡಿದಳು.

"ಅವ್ಳೇ ಮರ್ತ್‌ಬುಟ್ಟವ್ಳೆ ಸಾ" ಅಂದೆ.

ಜಯಮ್ಮ ಪಕ್ಕದ ಮಂಚದಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಆಮೇಲೆ ಒಂದೊಂದೇ ಮಾತು ಅವಳಿಗೆ ಮರಳತೊಡಗಿತು. 'ನೀರು' ಅಂದ ದಿನ ಮನೆಮಂದಿಗೆಲ್ಲ ಹಬ್ಬ, ನನಗೆ ಮಾತ್ರ ಮುಂದಿನ ಮಾತು 'ಮಾತ್ರೆ' ಆದೀತೆಂಬ ದಿಗಿಲು. ಹೆಂಡತಿಯ ಮಾತಿಗೆ ಹೆದರುವ ಗಂಡಂದಿರು ಬೇಕಾದಷ್ಟಿದ್ದಾರೆ. ಅದು ವಾಪಸು ಬರದಿರಲಿ ಎಂದು ದೇವರನ್ನು ಬೇಡಿಕೊಂಡ ಪಾಪಿ ನಾನೊಬ್ಬನೇ ಇರಬೇಕು. ಒಂದು ಮಧ್ಯಾಹ್ನ ಸವಿತ ಗಂಜಿ ಕುಡಿಸುತ್ತಾ, "ಒಂದ್ ಮಾತ್ರೆ ನುಂಗಕ್ಕೆ ಏನಾಗಿತ್ತವ್ವ ನಿಂಗೆ? ಅದನ್ನೂ ಮರೀತಾರಾ?" ಎಂದು ಗದರಿದಳು. ಜಯಮ್ಮನ ತುಟಿ ಒದ್ದಾಡಿತು. ಮಾತು ಬರಲಿಲ್ಲ, ಕಣ್ಣೀರು ಬಂತು. ನನ್ನ ಕೈಲಿ ತಡೆಯಲಾಗಲಿಲ್ಲ.

"ಅವ್ಳು ಮರೀಲಿಲ್ಲ ಕಣವ್ವ. ನಾನೇ ಬುಡ್ಸಿದ್ದು."

ಅವತ್ತಿನಿಂದ ಸವಿತ ನನಗೆ ಊಟ ಬಡಿಸುತ್ತಾಳೆ, ಮಾತಾಡಿಸುವುದಿಲ್ಲ.

ಪರೀಕ್ಷೆ ಮಾಡಿಸಿದರೆ ನನಗೂ ಬಿ.ಪಿ.! ನನ್ನ ಮಾತ್ರೆಗಳೀಗ ಜಯಮ್ಮನ ದಿಂಬಿನ ಕೆಳಗಿವೆ. ಬೆಳಿಗ್ಗೆ ಎಡಗೈಯಲ್ಲಿ ಒಂದನ್ನು ತೆಗೆದುಕೊಡುತ್ತಾಳೆ. ನುಂಗಿದೆ ಎಂದರೆ ನಂಬುವುದಿಲ್ಲ.

"ಬಾಯಿ... ಬುಡಿ."

ಸುಳ್ಳು ಹೇಳಿದ ನಾಲಗೆಯನ್ನು ಅವಳ ಮುಂದೆ ಚಾಚಿಕೊಂಡು ನಿಲ್ಲುತ್ತೇನೆ. ಅವಳಿಗೆ ಅವಸರವಿಲ್ಲ. ಮಾತ್ರೆ ಒಳಗೆ ಹೋಗಿ ಎಷ್ಟೋ ಹೊತ್ತಾದರೂ ನೋಡುತ್ತಲೇ ಇರುತ್ತಾಳೆ.