ಕ್ಯಾರಿಯರ್ ಮೇಲಿನ ಸಾಕ್ಷಿ

ತುಂಬಿದ ಸಭೆಯಲ್ಲಿ ಶೇಖಪ್ಪನವರಿಗೆ ಒಂದು ಸಂಶಯ ಬಂತು. ಹಾಶಿಮನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಬಿಹಾರದಲ್ಲಿ ಭೂಮಿ ನಡುಗಿ ಊರಿಗೆ ಊರೇ ನೆಲಸಮವಾದ ವರ್ಷ ಅದು. ಹಳಿಯಾಳದವರೂ ಕೈಲಾದದ್ದನ್ನು ಕೂಡಿಸಿ ಕಳಿಸಬೇಕೆಂದು ಸಭೆ ಸೇರಿದ್ದರು. ಒಬ್ಬ ಸವಾರ ಸೈಕಲ್ ಮೇಲೆ ಮುಂಡಗೋಡ, ಶಿರಸಿ ಹಾಯ್ದು ಕಾರವಾರದ ತನಕ ಊರೂರು ತಿರುಗಿ ನಿಧಿ ಕೂಡಿಸುವುದೆಂದು ಗೊತ್ತಾಯಿತು. ಮುಂಡಗೋಡದ ವ್ಯಾಪಾರಿ ಕರಿಬಸಪ್ಪನವರು ಅದಕ್ಕೆಂದೇ ಹೊಚ್ಚ ಹೊಸ ಸೈಕಲ್ ಕಳಿಸಿ, ‘ಇದನ್ನು ತುಳಿದುಕೊಂಡು ನಮ್ಮೂರಿಗೆ ಬಂದವನದೇ ಈ ಸೈಕಲ್, ಮುಂದಿನ ದಾರಿಯನ್ನೂ ಅದರ ಮೇಲೆಯೇ ಮುಗಿಸಲಿ’ ಎಂದು ಚೀಟಿ ಬರೆದಿದ್ದರು.

ಸವಾರನಾಗಿ ಹಾಶಿಮ ಎದ್ದು ನಿಂತ. ಬೇರೆಯವರ ಅಂಗಡಿಯಲ್ಲಿ ಕೂತು ಊರವರ ಸೈಕಲ್ಲಿಗೆ ಪಂಕ್ಚರ್ ಹಾಕುವುದು ಅವನ ಕೆಲಸ. ಹನ್ನೆರಡು ವರ್ಷ ಪರರ ಸೈಕಲ್ ಒರೆಸಿ ಒರೆಸಿ ಅವನ ಅಂಗೈ ಕಪ್ಪಾಗಿತ್ತು. ಸ್ವಂತದ್ದೆಂದರೆ ಒಂದು ಬೆಲ್ಲೂ ಇರಲಿಲ್ಲ. ಸೈಕಲ್ ಒಂದಾದರೆ ಹಳ್ಳಿಹಳ್ಳಿಗೆ ಹೋಗಿ ತನ್ನದೇ ರಿಪೇರಿ ಕೆಲಸ ಮಾಡಬಹುದಿತ್ತು. ಹೆಂಡತಿ ರಹೀಮುನ್ನಿಸಾ ಸುದ್ದಿ ಕೇಳಿದ ದಿನವೇ ಸೈಕಲ್ ನಿಲ್ಲಿಸಲು ಪಡಸಾಲೆ ಸಾರಿಸಿ ಜಾಗ ಮಾಡಿದಳು.

ಹಾಶಿಮ ಎದ್ದು ನಿಂತ ಆ ಸಭೆಯಲ್ಲೇ ಶೇಖಪ್ಪನವರು ಕೈಯೆತ್ತಿದರು. ಅವರು ಕಿರಾಣಿ ಅಂಗಡಿಯ ಸಾವುಕಾರರು. ತೂಕದ ಮಾತು, ಅದಕ್ಕಿಂತ ತೂಕದ ಮೈ. "ಹಾದಿಯೊಳಗ ಇವ ಖರೇನ ಸೈಕಲ್ ತುಳದನೋ, ಯಾವುದಾರ ಚಕ್ಕಡಿ ಹತ್ತಿ ಹ್ವಾದನೋ, ನೋಡಾವ್ರು ಯಾರು? ಒಬ್ಬ ಸಾಕ್ಷಿ ಬೇಕಲ್ಲ?"

"ಖರೇ ಐತ್ರಿ. ಹಂಗಾದರ ನೀವ ಹೋಗಿ ಬರ್ರಿ," ಎಂದಿತು ಸಭೆ.

ಇದ್ದದ್ದು ಒಂದೇ ಸೈಕಲ್. ಹೀಗಾಗಿ ಸಾಕ್ಷಿಯೂ ಅದರ ಮೇಲೆಯೇ ಹೋಗಬೇಕಾಯಿತು.

ಹೊರಡುವ ದಿನ ಊರಿಗೆ ಊರೇ ರಸ್ತೆಗೆ ಬಂದಿತ್ತು. ಹಲಗೆ ಬಾರಿಸುವವರು ಬಾರಿಸಿದರು, ಗುಲಾಲು ಎರಚುವವರು ಎರಚಿದರು. ರುಮಾಲು, ಕರಿ ಕೋಟು, ಕೊರಳಲ್ಲಿ ಬೀಗ ಹಾಕಿದ ನಿಧಿಯ ಡಬ್ಬಿ, ಕೈಯಲ್ಲಿ ಕೊಡೆ, ಹೀಗೆ ಶೇಖಪ್ಪನವರು ಕ್ಯಾರಿಯರ್ ಏರಿದಾಗ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು. ನಾಲ್ಕು ಜನ ಅದನ್ನು ಕೆಳಗೆ ಒತ್ತಿ ಹಿಡಿದರು. ಹಾಶಿಮ ಬಿಸ್ಮಿಲ್ಲಾ ಅಂದು ಪೆಡಲ್ ತುಳಿದ. ಗಾಳಿ ಮುಖಕ್ಕೆ ಬಡಿದಾಗ ಅವನಿಗಾದ ಹಿಗ್ಗು ಅಷ್ಟಿಷ್ಟಲ್ಲ. ಈ ಸೈಕಲ್ ನನ್ನದಾಗುತ್ತದೆ ಎಂದು ಅವನ ಕಾಲು ಪ್ರತಿ ಸುತ್ತಿಗೂ ಹೇಳಿಕೊಳ್ಳುತ್ತಿತ್ತು.

ಮೊದಲ ಏರಿನಲ್ಲಿ ಹಿಗ್ಗು ಸ್ವಲ್ಪ ಇಳಿಯಿತು.

"ಸಾವ್ಕಾರ್ರ, ಈ ಏರು ಮುಗಿಯೂತನ ಒಂಚೂರು ಇಳೀತೀರೇನ್ರಿ?"

"ನಾ ಇಳದು ಹಿಂದ ಉಳದರ, ನೀ ಮುಂದ ಏನ್ ಮಾಡಿದಿ ಅನ್ನೂದು ನನಗ ಹೆಂಗ ತಿಳೀಬೇಕು? ಸಾಕ್ಷಿ ಅಂದಮ್ಯಾಲ ಸಂಗಡ ಇರಬೇಕೋ ತಮ್ಮಾ. ನೀ ತುಳಿ, ನಾ ಕೊಡಿ ಹಿಡೀತೇನಿ."

ಕೊಡೆ ಹಿಡಿದರು, ಆದರೆ ತಮ್ಮ ತಲೆಗೆ.

ಸಾಂಬ್ರಾಣಿ ಎಂಬ ಊರು ಮುಟ್ಟುವಷ್ಟರಲ್ಲಿ ಹಾಶಿಮನ ಅಂಗಿ ಹಿಂಡಿದರೆ ಒಂದು ಕೊಡ ನೀರು ಬರುವಂತಿತ್ತು. ಊರ ಅಗಸಿಬಾಗಿಲಲ್ಲಿ ಜನ ಹಾರ ಹಿಡಿದು ಕಾದಿದ್ದರು. ಹಾಶಿಮ ನಗುತ್ತಾ ತಲೆ ಬಾಗಿಸಿದ. ಹಾರ ಅವನ ತಲೆಯನ್ನು ದಾಟಿ ಹಿಂದೆ ಹೋಗಿ ಶೇಖಪ್ಪನವರ ಕೊರಳಿಗೆ ಬಿತ್ತು.

ಸಾಂಬ್ರಾಣಿಯವರ ತಪ್ಪೂ ಅಲ್ಲ. ಅವರು ಹುಟ್ಟಿದಾಗಿನಿಂದ ಚಕ್ಕಡಿ ಕಂಡವರು. ಹೊಡೆಯುವವನು ಮುಂದೆ, ಯಜಮಾನ ಹಿಂದೆ. ಸೈಕಲ್ಲಿಗೆ ಎತ್ತು ಇಲ್ಲವೆಂದ ಮಾತ್ರಕ್ಕೆ ಈ ಕಟ್ಟಳೆ ಬದಲಾಗುತ್ತದೆಯೇ?

ಗುರುಸಿದ್ದವ್ವ ಎಂಬ ಮುದುಕಿ ಬಂದು ಶೇಖಪ್ಪನವರ ಕಾಲಿಗೆ ನೀರು ಹಾಕಿದಳು. "ಯಪ್ಪಾ, ಹಳಿಯಾಳದಿಂದ ಇಷ್ಟು ದೂರ ಕುಂತ ಬಂದೀರಿ. ಸೊಂಟ ಎಷ್ಟು ನೊಂದಿರಬೇಕ್ರಿ."

"ನಾ ಅಲ್ಲಬೇ ಯವ್ವಾ, ಸವಾರ ಅವ," ಎಂದು ಶೇಖಪ್ಪನವರು ಹಾಶಿಮನನ್ನು ತೋರಿಸಿದರು.

"ದೊಡ್ಡವರು ಹಂಗ ಅನ್ನಾವ್ರ," ಎಂದು ಜನ ಇನ್ನೊಂದು ಹಾರ ಹಾಕಿದರು. ಒಬ್ಬ ರೈತ ಹಾಶಿಮನ ಹೆಗಲು ತಟ್ಟಿ, "ಗಾಡಿಗೆ ಕೀಲೆಣ್ಣಿ ಬೇಕೇನೋ ತಮ್ಮಾ?" ಎಂದು ಕೇಳಿದ.

ಅಲ್ಲಿಂದ ಮುಂದೆ ಕಾಡಿನ ದಾರಿ. ಆದರೆ ಎಲ್ಲಿ ನಾಲ್ಕು ಮನೆ ಕಂಡರೂ ಇದೇ ಕತೆ. ಮೊದಲ ಊರಿನಲ್ಲಿ ‘ನಾ ಅಲ್ಲ’ ಎಂದ ಶೇಖಪ್ಪನವರು ಎರಡನೆಯದರಲ್ಲಿ ಸುಮ್ಮನಿದ್ದರು. ಮೂರನೆಯದರಲ್ಲಿ ಕೈಮುಗಿದರು. ನಾಲ್ಕನೆಯದರಲ್ಲಿ ಕಟ್ಟೆ ಏರಿ, ದೇಹ ದಣಿದರೂ ಧರ್ಮ ದಣಿಯಬಾರದು ಎಂದು ಭಾಷಣವನ್ನೇ ಮಾಡಿದರು. ಡಬ್ಬಿ ತುಂಬುತ್ತಿತ್ತು, ಹಾರ ಏರುತ್ತಿತ್ತು, ಹಾಶಿಮ ಆ ಹಾರಗಳ ತೂಕವನ್ನೂ ಸೇರಿಸಿ ತುಳಿಯುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು ಅವನಿಗೆ. ಹಾರ ಹೋಗಲಿ, ಸೈಕಲ್ ನನ್ನದಲ್ಲವೇ ಎಂದು ಸಮಾಧಾನ ತಂದುಕೊಂಡ.

ಆ ಸಮಾಧಾನವೂ ಎರಡನೆಯ ದಿನ ಚಿಗಳ್ಳಿಯಲ್ಲಿ ಮುಗಿಯಿತು. ನೀರು ಕೊಡುತ್ತಾ ಈರಕ್ಕ ಎಂಬವಳು ಹೇಳಿದಳು: "ಮುಂಡಗೋಡದ ಸಂತ್ಯಾಗೆಲ್ಲಾ ನಿಮ್ಮದ ಸುದ್ದಿ ಐತಿ. ಹಿಂದ ಕುಂತ ಬರೂ ಸಾವ್ಕಾರ್ರಿಗೆ ಕರಿಬಸಪ್ಪನವರು ಸೈಕಲ್ ಕೊಡ್ತಾರಂತ. ನೀ ಏನ್ ನಡಕೊಂತ ಹೋಗ್ತೀಯೋ ತಮ್ಮಾ ಊರಿಗೆ?"

ಹಾಶಿಮನ ಗಂಟಲಲ್ಲಿ ನೀರು ಸಿಕ್ಕಿಕೊಂಡಿತು. ಕರಿಬಸಪ್ಪನವರು ಇಬ್ಬರನ್ನೂ ಕಂಡವರಲ್ಲ. ಊರೆಲ್ಲ ಯಜಮಾನ ಹಿಂದಿದ್ದಾನೆ ಅನ್ನುವಾಗ ಅವರೊಬ್ಬರು ಬೇರೆ ಅನ್ನುತ್ತಾರೆಯೇ? ಕೆಮ್ಮು ನಿಲ್ಲುವಷ್ಟರಲ್ಲಿ ಅವನಿಗೆ ಉಪಾಯ ಹೊಳೆದಿತ್ತು.

"ಸಾವ್ಕಾರ್ರ, ನೀವು ಒಮ್ಮೆ ತುಳದು ನೋಡ್ರಿ. ನಾ ಹಿಂದ ಕುಂದರತೇನಿ."

ಬಯ್ಯುತ್ತಾರೆ ಎಂದುಕೊಂಡಿದ್ದ. ಶೇಖಪ್ಪನವರ ಕಣ್ಣು ಅರಳಿತು. "ಎರಡು ದಿನಾ ಬರೇ ನಿನ್ನ ಬೆನ್ನು ನೋಡಿ ನೋಡಿ ಸಾಕಾಗೇತಿ. ಮುಂದಿನ ರಸ್ತಾ ಹೆಂಗ ಕಾಣತೈತಿ, ನೋಡೂಣು."

ಊರಾಚೆಯ ಕಣದಲ್ಲಿ ಪಾಠ ನಡೆಯಿತು. ಶೇಖಪ್ಪನವರು ಒಮ್ಮೆ ಬಣವೆಗೆ ಗುದ್ದಿದರು, ಎರಡು ಸಲ ಬೇಲಿಗೆ ಬಿದ್ದರು, ಧೋತರ ಚೈನಿನಲ್ಲಿ ಸಿಕ್ಕು ಮೊಣಕಾಲಿನ ತನಕ ಹರಿಯಿತು. ಬಿಸಿಲು ಇಳಿಯುವ ಹೊತ್ತಿಗೆ ಸೈಕಲ್ ಒಂದಿಷ್ಟು ನೆಟ್ಟಗೆ ಹೋಗತೊಡಗಿತು. ಮುಂಡಗೋಡ ಇನ್ನೊಂದು ಮೈಲಿ, ಅದೂ ಇಳಿಜಾರು ಎನ್ನುವಲ್ಲಿ ಜಾಗ ಬದಲಾಯಿತು. ಹಾಶಿಮ ಡಬ್ಬಿಯನ್ನೂ ಹಾರಗಳನ್ನೂ ತನ್ನ ಕೊರಳಿಗೆ ಹಾಕಿಕೊಂಡು, ಎದೆಯುಬ್ಬಿಸಿ ಕ್ಯಾರಿಯರ್ ಮೇಲೆ ಕೂತ. ಶೇಖಪ್ಪನವರು ಹೋ ಎಂದು ಕೂಗುತ್ತಾ ಇಳಿಜಾರಿನಲ್ಲಿ ಸೈಕಲ್ ಬಿಟ್ಟರು. ದಾರಿಯ ಕೋಳಿ, ನಾಯಿ, ಜನ ಎಲ್ಲ ಬದಿಗೆ ಹಾರಿದವು. ಇಬ್ಬರಿಗೂ ಜೀವ ಕೈಯಲ್ಲಿತ್ತು, ಇಬ್ಬರಿಗೂ ಖುಷಿ ತಡೆಯಲಾಗುತ್ತಿರಲಿಲ್ಲ.

ಸೈಕಲ್ ನಿಂತದ್ದು ಕರಿಬಸಪ್ಪನವರ ಮನೆಯ ಕಟ್ಟೆಗೆ ಬಡಿದು.

ಜನ ಹಾರ ಹಿಡಿದು ಹಾಶಿಮನ ಕಡೆಗೆ ನುಗ್ಗಿದರು. ಅವನು ಕೊರಳು ಚಾಚಿದ. ಅಷ್ಟರಲ್ಲಿ ಕರಿಬಸಪ್ಪನವರು ಕೈ ಅಡ್ಡ ಹಿಡಿದರು.

"ತಡೀರಿ. ಹಾದಿಗುಂಟ ಮಂದಿ ಹಿಂದ ಕುಂತಾವಗ ಹಾರ ಹಾಕ್ಯಾರ ಅಂತ ಕೇಳೇನಿ. ಅವರಿಗೆ ತಿಳೀಲಿಲ್ಲ, ಬಿಡ್ರಿ. ನಾ ಹತ್ತು ವರ್ಷದಿಂದ ಸೈಕಲ್ ತುಳದಾವ. ಸವಾರ ಅಂದ್ರ ತುಳಿಯಾವ. ನೋಡ್ರಿ ಇವರನ್ನ, ಧೋತರ ಹರದೈತಿ, ಮೊಣಕಾಲು ಕೆತ್ತೇತಿ. ಸೈಕಲ್ ಇವರದು."

"ನಾನ್ರೀ ಸವಾರ," ಎಂದ ಹಾಶಿಮ. "ಹಳಿಯಾಳದಿಂದ ತುಳದಾವ ನಾನ್ರೀ."

ಕರಿಬಸಪ್ಪನವರು ಅವನ ಕೊರಳಿನ ಹಾರಗಳನ್ನು ನೋಡಿದರು. "ಎರಡು ದಿನಾ ಇಷ್ಟು ಹಾರ ಹಾಕಿಸಿಕೊಂಡೀದಿ. ಇನ್ನೂ ಸಾಲದೇನು?" ಮತ್ತೆ ಶೇಖಪ್ಪನವರ ಕಡೆ ತಿರುಗಿದರು. "ನೀವ ಹೇಳ್ರಿ. ಊರೊಳಗ ತುಳಕೊಂಡು ಬಂದಾವ್ರು ಯಾರು?"

ಶೇಖಪ್ಪನವರು ಹಾಶಿಮನನ್ನು ನೋಡಿದರು. ಸೈಕಲ್ಲನ್ನೂ ನೋಡಿದರು. ಹ್ಯಾಂಡಲ್ ಸಂಜೆಯ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

"ನಾ ಸಾಕ್ಷಿ ಅಂತ ಬಂದಾವ್ರಿ, ಸುಳ್ಳ ಹೇಳಾಕ ಬರೂದಿಲ್ಲ," ಎಂದರು. "ಊರೊಳಗ ತಂದಾವ ನಾನ."

"ಸಾವ್ಕಾರ್ರ, ಪೂರಾ ಹೇಳ್ರಿ," ಎಂದು ಹಾಶಿಮ ಕೂಗಿದ್ದು ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಮುಂಡಗೋಡದವರು ಸವಾರ ಶೇಖಪ್ಪನವರಿಗೆ ಆರತಿ ಎತ್ತಿ, ಸಾಕ್ಷಿ ಹಾಶಿಮನ ಕೊರಳಿಗೆ ಡಬ್ಬಿ ಹಾಕಿ, ಇಬ್ಬರನ್ನೂ ಶಿರಸಿಯ ರಸ್ತೆಗೆ ಬಿಟ್ಟರು. ಶೇಖಪ್ಪನವರಿಗೆ ಇನ್ನೂ ಇಬ್ಬರನ್ನು ಎಳೆಯುವಷ್ಟು ಬಲ ಬಂದಿರಲಿಲ್ಲ. ಒಬ್ಬರೇ ಬೀಳದೆ ಕೂರುವುದೂ ಪೂರ್ತಿ ಬಂದಿರಲಿಲ್ಲ. ಹಾಗಾಗಿ ಹಾಶಿಮ ಸೀಟು ಹಿಡಿದು ಪಕ್ಕದಲ್ಲಿ ಓಡುತ್ತಿದ್ದ.

"ಸಿಟ್ಟಾಗಬ್ಯಾಡೋ ತಮ್ಮಾ," ಎಂದರು ಶೇಖಪ್ಪನವರು. "ನಲವತ್ತೆಂಟು ವರ್ಷದಾಗ ಇಂಥಾ ಖುಷಿ ನನಗ ಒಮ್ಮಿನೂ ಆಗಿದ್ದಿಲ್ಲ. ಬಿಡಬ್ಯಾಡ, ಗಟ್ಟಿ ಹಿಡಕೋ."

ಶಿರಸಿ ಇನ್ನೂ ಮೂವತ್ತು ಮೈಲಿ ದೂರವಿತ್ತು.