ಕೊಟ್ಟೂರು ನಲವತ್ತು ಕಿಲೋಮೀಟರ್ ಆದದ್ದು

ಕೂಡ್ಲಿಗಿಯ ಮಳೆಮಾಪನ ಪರಿಶೀಲನಾ ಉಪವಿಭಾಗಕ್ಕೆ ಸೇರಿದ ಏಕೈಕ ಮೋಟಾರ್ ಸೈಕಲ್ಲು 1999ರ ಫೆಬ್ರವರಿ ತಿಂಗಳಿನಿಂದ ಲೀಟರಿಗೆ ಮೂವತ್ತು ಕಿಲೋಮೀಟರ್ ಮಾತ್ರ ಓಡತೊಡಗಿತು. ಅದಕ್ಕೆ ಮುಂಚೆ ಅರವತ್ತು ಓಡುತ್ತಿತ್ತು. ಕಾಣೆಯಾದ ಮೂವತ್ತು ಕಿಲೋಮೀಟರುಗಳ ಬಗ್ಗೆ ಕಚೇರಿಯಲ್ಲಿ ಒಂದು ಕಡತ ತೆರೆದು, ಕೆಂಪು ದಾರ ಕಟ್ಟಿ, ಬೀರುವಿನ ಮೇಲಿಡಲಾಯಿತು.

ಈ ಉಪವಿಭಾಗದ ಕೆಲಸ ಬಹಳ ಸರಳವಾದದ್ದು. ಸುತ್ತಲಿನ ಐದು ತಾಲೂಕುಗಳಲ್ಲಿ, ಶಾಲೆಯ ಮಾಳಿಗೆ ಮೇಲೆ, ಪಂಚಾಯ್ತಿ ಕಟ್ಟಡದ ಹಿಂದೆ, ಒಂದೊಂದು ಮಳೆಮಾಪಕ ಇಟ್ಟಿದ್ದಾರೆ. ಪರಿವೀಕ್ಷಕ ದುರುಗಣ್ಣ ಗಾಡಿಯ ಮೇಲೆ ಹೋಗಿ, ಅದರೊಳಗೆ ಇಣುಕಿ, ನೀರಿಲ್ಲದ್ದನ್ನು ಕಣ್ಣಾರೆ ಕಂಡು, ರಿಜಿಸ್ಟರಿನಲ್ಲಿ ‘ನಿಲ್’ ಎಂದು ಬರೆದುಕೊಂಡು ಬರಬೇಕು. ಹನ್ನೊಂದು ವರ್ಷ ಇದನ್ನೇ ಬರೆದು ಬರೆದು ಅವನ ಕೈಯಲ್ಲಿ ಆ ಎರಡಕ್ಷರ ಮುತ್ತಿನಂತೆ ಮೂಡುತ್ತಿದ್ದವು.

ಕಚೇರಿಗೆ ಗಾಡಿ ನಿಲ್ಲಿಸಲು ಶೆಡ್ಡು ಇರಲಿಲ್ಲ. ಆದ್ದರಿಂದ ಕೆಲಸ ಮುಗಿದ ಮೇಲೆ ‘ಭದ್ರತೆಯ ದೃಷ್ಟಿಯಿಂದ’ ಅದನ್ನು ಪರಿವೀಕ್ಷಕನ ಮನೆಯಲ್ಲಿ ಇಡತಕ್ಕದ್ದು ಎಂದು ಆದೇಶವಿತ್ತು. ದುರುಗಣ್ಣನ ಮನೆ ಕೊಟ್ಟೂರಿನಲ್ಲಿ. ಹೆಂಡತಿ ಗೀತಮ್ಮ, ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗಳು ಕೊಟ್ರಮ್ಮ. ಮೂರು ವರ್ಷದ ಈ ಕೂಸು, ಅಪ್ಪ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಣಿ ಸುತ್ತ ಒಂದು ರೌಂಡು ಹಾಕದ ಹೊರತು ಒಂದು ತುತ್ತು ಬಾಯಿಗೆ ಹಾಕುತ್ತಿರಲಿಲ್ಲ. ದುರುಗಣ್ಣನಿಗೂ ಇಡೀ ದಿನದ ಧೂಳು, ಬಿಸಿಲು, ‘ನಿಲ್’ಗಳೆಲ್ಲ ಆ ಒಂದು ರೌಂಡಿಗಾಗಿಯೇ ಇದ್ದವು. ಹಳ್ಳಿ ಸುತ್ತಿ ಮುಗಿಸುವಷ್ಟರಲ್ಲಿ ಕೊಟ್ಟೂರಿನ ಕಡೇ ಬಸ್ಸು ಹೋಗಿರುತ್ತಿತ್ತು; ಗಾಡಿ ಇದ್ದರೆ ಮನೆ, ಇಲ್ಲದಿದ್ದರೆ ಇಲ್ಲ.

ನಿಯಮ ಹದಿನೇಳರ ಪ್ರಕಾರ, ಲೀಟರಿಗೆ ಐವತ್ತು ಕಿಲೋಮೀಟರಿಗಿಂತ ಕಡಿಮೆ ಓಡುವ ವಾಹನವನ್ನು ‘ಅದಕ್ಷ’ ಎಂದು ಘೋಷಿಸಿ ಮೇಲಿನ ಕಚೇರಿಯ ಅಂಗಳಕ್ಕೆ ಒಪ್ಪಿಸಬೇಕು. ಆ ಅಂಗಳಕ್ಕೆ ಹೋದ ಗಾಡಿಗಳ ಚಕ್ರದೊಳಗಿಂದ ಜಾಲಿಗಿಡ ಎದ್ದಿದ್ದನ್ನು ದುರುಗಣ್ಣ ನೋಡಿ ಬಂದಿದ್ದ. ಕಡತ ತೆರೆದ ಮಾರನೇ ದಿನ ಬೆಳಿಗ್ಗೆಯೇ ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದಿರುವ ದಾವಲ್ ಸಾಬನ ಗ್ಯಾರೇಜಿಗೆ ಗಾಡಿ ಒಯ್ದ.

ದಾವಲ್ ಸಾಬ್ ಇಪ್ಪತ್ತೈದು ವರ್ಷದಿಂದ ಇಂಜಿನ್ನುಗಳ ನಾಡಿ ಹಿಡಿದವನು. ಪ್ಲಗ್ಗು ಬಿಚ್ಚಿ ನೋಡಿದ, ಕಪ್ಪು ಮಸಿ ಹಿಡಿದಿತ್ತು. ಆಮೇಲೆ ಯಾವ ಪಾನಾವನ್ನೂ ಕೈಗೆತ್ತಿಕೊಳ್ಳದೆ, ಬೀಡಿ ಹಚ್ಚಿ, ಗಾಡಿಯನ್ನು ಸುಮ್ಮನೆ ದಿಟ್ಟಿಸಿದ.

“ದುರುಗಣ್ಣ, ಈ ಊಟದ ಡಬ್ಬಿ ಯಾರದು?”

“ನಮ್ಮ ಸಾಹೇಬ್ರದು.”

“ಅರೇ ಅಲ್ಲಾ! ಅದು ಚೋಕಿಗೆ ಜೋತು ಬಿದ್ದೈತಲ್ಲೋ! ಬೆಳಿಗ್ಗೆ ಗಾಡಿ ಶುರು ಆಗಲಿ ಅಂತ ಒಂದು ನಿಮಿಷ ಎಳೆದು ಒತ್ತಿಬಿಡೋ ಗುಂಡಿ ಅದು. ನೀ ಡಬ್ಬಿ ತೂಗುಹಾಕಿ ದಿನಾ ಊರೆಲ್ಲ ಎಳಕೊಂಡು ತಿರುಗ್ತಿ. ಗಾಡಿ ಪೆಟ್ರೋಲ್ ಕುಡಿಯಾಕತ್ತಿಲ್ಲೋ, ಜಳಕ ಮಾಡಾಕತ್ತೈತಿ.”

ವಿಷಯ ಇಷ್ಟೇ. ಜನವರಿಯಲ್ಲಿ ಉಪವಿಭಾಗಕ್ಕೆ ಹೊಸ ಅಧಿಕಾರಿಯಾಗಿ ಬಂದ ಓಬಳೇಶಪ್ಪನವರದೂ ಕೊಟ್ಟೂರೇ. ಅವರು ಎಂಟರ ಬಸ್ಸಿಗೆ ಕೂಡ್ಲಿಗಿಗೆ ಹೊರಟುಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಅವರ ಮನೆಯಲ್ಲಿ ಅಡುಗೆ ಆಗುತ್ತಿರಲಿಲ್ಲ. ಆದ್ದರಿಂದ ಹಿಂದಿನಿಂದ ಗಾಡಿಯಲ್ಲಿ ಬರುವ ದುರುಗಣ್ಣ ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿಯನ್ನು ಬಿಸಿಬಿಸಿಯಾಗಿ ತರಬೇಕು. ಎಡಗಡೆ ಹ್ಯಾಂಡಲ್ಲಿಗೆ ರಿಜಿಸ್ಟರಿನ ಚೀಲ, ಬಲಗಡೆ ಎಕ್ಸಿಲರೇಟರು, ಹಿಂದೆ ಮಳೆ ಅಳೆಯುವ ಗಾಜಿನ ಪೆಟ್ಟಿಗೆ. ಒಂದು ದಿನ ಆ ಪೆಟ್ಟಿಗೆಯ ಮೇಲೆ ಡಬ್ಬಿ ಕಟ್ಟಿದ್ದಕ್ಕೆ ಸಾರು ಸೋರಿ ಅಳತೆಗಾಜಿನೊಳಗೆ ಇಳಿಯಿತು. ರಿಜಿಸ್ಟರಿನ ಪ್ರಕಾರ ಆ ದಿನ ಐದೂ ತಾಲೂಕುಗಳಲ್ಲಿ ಮಳೆ ಬಂದದ್ದು ಅವನು ಅಳೆಯಲು ಹೋದ ತೆಲಿಗಿ ಹಳ್ಳಿಯೊಂದರಲ್ಲೇ, ಆರು ಮಿಲಿಮೀಟರ್. ಮೇಲಿನ ಕಚೇರಿ ಅಭಿನಂದನೆ ತಿಳಿಸಿತು, ಸಾಹೇಬರು ಮಾತ್ರ ಸಾರಿಲ್ಲದೆ ಉಂಡು ಸಿಡಿಮಿಡಿಗೊಂಡರು. ಅಂದಿನಿಂದ ಡಬ್ಬಿಗೆ ಖಾಲಿ ಉಳಿದ ಜಾಗ ಚೋಕಿನ ಗುಂಡಿ ಒಂದೇ. ಸಾಹೇಬರ ಊಟವಾದ ಮೇಲೆ ಖಾಲಿ ಡಬ್ಬಿಯೂ ಅಲ್ಲೇ ತೂಗಿಕೊಂಡು ಹಳ್ಳಿಹಳ್ಳಿ ಸುತ್ತುತ್ತಿತ್ತು.

“ಲೆಗ್‌ಗಾರ್ಡಿಗೆ ಒಂದು ಕೊಂಡಿ ಹಾಕ್ತೀನಿ. ಐದು ನಿಮಿಷದ ಕೆಲಸ. ರೊಕ್ಕಾನೂ ಬ್ಯಾಡ” ಎಂದ ದಾವಲ್ ಸಾಬ್.

ದುರುಗಣ್ಣ ಬೆಚ್ಚಿಬಿದ್ದ. “ಬ್ಯಾಡ ಬ್ಯಾಡ! ಮಂಜೂರಾತಿ ಇಲ್ಲದೆ ಸರ್ಕಾರಿ ಗಾಡಿಗೆ ಏನೂ ಜೋಡಿಸಂಗಿಲ್ಲ. ಆಯುಧಪೂಜಿಗೆ ಒಂದು ನಿಂಬಿಹಣ್ಣು ಕಟ್ಟಿದ್ದಕ್ಕ ಮೆಮೋ ಕೊಟ್ಟಾರ ನನಗ.”

“ಹಂಗಾರ ಡಬ್ಬಿ ತರೋದು ಬಿಡು.”

“ಡಬ್ಬಿ ಬಿಟ್ರ ಮೆಮೋ ಅಲ್ಲ, ಹಡಗಲಿ ಕಡಿಗೆ ಎತ್ತಂಗಡಿ.”

ದಾವಲ್ ಸಾಬ್ ಬೀಡಿ ಎಸೆದು, “ನನ್ನ ಕೈಲೆ ರಿಪೇರಿ ಆಗೋ ಗಾಡಿ ಅಲ್ಲಪ್ಪ ಇದು” ಎಂದು ಒಳಗೆ ಹೋದ.

ದುರುಗಣ್ಣ ಒಂದು ಕೊಂಡಿಗಾಗಿ ಅರ್ಜಿ ಬರೆದ. ಕಚೇರಿಯ ನಿಯಮಗಳೆಲ್ಲ ಇರುವುದು ಗುಮಾಸ್ತೆ ನಾಗಲಿಂಗಮ್ಮನವರ ತಲೆಯಲ್ಲಿ. ಪುಸ್ತಕವನ್ನು ಎಂದೋ ಗೆದ್ದಲು ತಿಂದಿತ್ತು. ಅವರು ಕನ್ನಡಕ ಏರಿಸಿ ಅರ್ಜಿ ಓದಿದರು.

“ಕೊಂಡಿ ಯಾತಕ್ಕ?”

“ಡಬ್ಬಿ ತೂಗುಹಾಕಾಕ್ರಿ ಅಕ್ಕಾರ.”

“ಯಾರ ಡಬ್ಬಿ?”

ದುರುಗಣ್ಣ ಸಾಹೇಬರ ಕೋಣೆಯ ಬಾಗಿಲು ನೋಡಿದ. ನಾಗಲಿಂಗಮ್ಮನವರೂ ನೋಡಿದರು. ಒಳಗಿನಿಂದ ಎಣ್ಣೆಗಾಯಿಯ ಘಮ ಬರುತ್ತಿತ್ತು.

“ಸರ್ಕಾರಿ ಗಾಡಿಮ್ಯಾಲ ಖಾಸಗಿ ಸಾಮಾನು ತರಂಗಿಲ್ಲ ಅಂತ ಆರನೇ ನಿಯಮ ಐತಿ. ತರಂಗಿಲ್ಲ ಅಂದಮ್ಯಾಲ ತಂದಿಲ್ಲ. ತರದೇ ಇರೋ ಡಬ್ಬಿಗೆ ಕೊಂಡಿ ಯಾಕ ಬೇಕು?”

“ಹಂಗಾರ ಸಾಹೇಬ್ರು ಈಗ ಒಳಗ ಉಣ್ಣಾಕತ್ತಿದ್ದು?”

“ಅದು ಕಡತದಾಗ ಇಲ್ಲ” ಎಂದರು ನಾಗಲಿಂಗಮ್ಮ, ಅರ್ಜಿಯನ್ನು ಮಡಚಿ ವಾಪಸ್ ಕೊಡುತ್ತಾ.

ಆದರೆ ಓಬಳೇಶಪ್ಪನವರು ಕಲ್ಲುಮನಸ್ಸಿನವರಲ್ಲ. ಗಾಡಿ ಹೋದರೆ ಡಬ್ಬಿ ಬರುವುದಿಲ್ಲ ಎಂಬ ಸತ್ಯ ಅವರಿಗೂ ಹೊಳೆಯಿತು. ಕೈ ತೊಳೆದು ಬಂದವರೇ ಕೆಳಗಿನ ಪ್ರಕಟಣೆ ಹೊರಡಿಸಿದರು:

“ಸದರಿ ವಾಹನದ ಇಂಧನ ಕ್ಷಮತೆಯು ಯಾವುದೇ ಕಾರಣವಿಲ್ಲದೆ ಕುಸಿದಿರುವುದರಿಂದ, ಕಾರಣವನ್ನು ಕಂಡುಹಿಡಿಯಲು ಒಂದು ಸಮಿತಿಯನ್ನು ರಚಿಸಲಾಗಿದೆ. ಅಧ್ಯಕ್ಷರು, ಉಪವಿಭಾಗದ ಅಧಿಕಾರಿಗಳು. ಸದಸ್ಯ ಕಾರ್ಯದರ್ಶಿ, ಶ್ರೀಮತಿ ನಾಗಲಿಂಗಮ್ಮ. ಪರಿವೀಕ್ಷಕರು ಸಮಿತಿಯಲ್ಲಿ ಇರತಕ್ಕದ್ದಲ್ಲ, ಆದರೆ ಗಾಡಿ ಓಡಿಸತಕ್ಕದ್ದು.”

ಪರೀಕ್ಷೆ ಒಂದು ಸೋಮವಾರ ಕೊಟ್ಟೂರಿನಿಂದ ಕೂಡ್ಲಿಗಿಗೆ ನಡೆಯಿತು. ಟ್ಯಾಂಕನ್ನು ಬಾಯಿಮಟ ತುಂಬಿಸಲಾಯಿತು. ಸಮಿತಿಯ ಇಬ್ಬರು ಸದಸ್ಯರೂ ಹಿಂದೆ ಕೂತರು. ಸೋಮವಾರವೂ ಮಧ್ಯಾಹ್ನ ಎಂಬುದು ಇರುವುದರಿಂದ ಡಬ್ಬಿಯೂ ಬಂತು, ಚೋಕಿನ ಗುಂಡಿಗೆ ತೂಗಿತು.

ದುರುಗಣ್ಣ ಕಡೆಯ ಆಸೆಯಿಂದ, “ಅಕ್ಕಾರ, ಇವತ್ತೊಂದಿನ ಡಬ್ಬಿ ನಿಮ್ಮ ಕೈಯಾಗ ಹಿಡಕೊಂಡ್ರ…” ಎಂದ.

“ನಾ ಹಿಡಕೊಂಡ್ರ ಅದು ಡಬ್ಬಿ ಆಗತೈತಿ. ಅಲ್ಲೇ ಇದ್ರ ಗಾಡಿ ಭಾಗ” ಎಂದು ನಾಗಲಿಂಗಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಾಡಿ ಕರಿ ಹೊಗೆ ಬಿಡುತ್ತಾ ಹೊರಟಿತು. ದಾರಿಯಲ್ಲಿ ಎರಡು ಸಲ ಸಮಿತಿ ಇಳಿದು ತಳ್ಳಿತು.

ಕೂಡ್ಲಿಗಿ ತಲುಪಿದ ಮೇಲೆ, ಕಚೇರಿಯಲ್ಲಿದ್ದ ಏಕೈಕ ಪ್ರಮಾಣಿತ ಅಳತೆ ಮಳೆಯ ಗಾಜೇ ಆದ್ದರಿಂದ ಅದರಲ್ಲೇ ಪೆಟ್ರೋಲ್ ಅಳೆದು ಟ್ಯಾಂಕನ್ನು ಮತ್ತೆ ಬಾಯಿಮಟ ತುಂಬಿದರು. ಒಂದು ಲೀಟರಿನ ಮೂರನೇ ಎರಡು ಪಾಲು ಹಿಡಿಯಿತು. ರಸ್ತೆಯ ಕಲ್ಲಿನ ಪ್ರಕಾರ ದೂರ ಇಪ್ಪತ್ತು ಕಿಲೋಮೀಟರ್. ಮೈಲೇಜು ಮೂವತ್ತು.

ಸಮಿತಿ ಮೂರು ದಿನ ಕೂತು ಚರ್ಚಿಸಿತು. ಇಂಜಿನ್ನಿನಲ್ಲಿ ದೋಷವಿಲ್ಲವೆಂದು ಮೆಕ್ಯಾನಿಕ್ಕೇ ಹೇಳಿದ್ದಾನೆ. ಪರಿವೀಕ್ಷಕನ ಸೇವಾಪುಸ್ತಕದಲ್ಲಿ ನಿಂಬೆಹಣ್ಣಿನ ಹೊರತು ಕಪ್ಪುಚುಕ್ಕೆ ಇಲ್ಲ. ಪೆಟ್ರೋಲು ಸರ್ಕಾರಿ ಖರೀದಿ, ಅದನ್ನು ಅನುಮಾನಿಸುವುದು ಶಿಸ್ತುಭಂಗ. ಹಾಗಾದರೆ ತಪ್ಪು ಯಾರದು? ನಾಲ್ಕನೇ ದಿನ ನಾಗಲಿಂಗಮ್ಮನವರು ಗಾಡಿಯ ಜೊತೆ ಬಂದ ಕಂಪನಿಯ ಪುಸ್ತಕ ಹುಡುಕಿ ತಂದರು.

“ಸರ, ಒಂದು ಲೀಟರಿಗೆ ಅರವತ್ತು ಕಿಲೋಮೀಟರ್ ಅಂತ ಅಚ್ಚು ಹಾಕ್ಯಾರ್ರಿ. ನಾವು ಸುಟ್ಟಿದ್ದು ಅದರ ಮೂರನೇ ಎರಡು ಪಾಲು. ಅಂದ್ರ ಗಾಡಿ ನಲವತ್ತು ಕಿಲೋಮೀಟರ್ ಓಡೈತಿ. ಕೊಟ್ಟೂರು ನಲವತ್ತು ಕಿಲೋಮೀಟರ್ ದೂರ ಐತ್ರಿ.”

“ಕಲ್ಲಿನ ಮ್ಯಾಲ ಇಪ್ಪತ್ತು ಅಂತ ಐತಲ್ಲವ್ವ?”

“ಕಲ್ಲಿನ ಮ್ಯಾಲ ಯಾರ ಸಹಿ ಐತ್ರಿ? ಮೊಹರು ಐತೇನು?”

ಓಬಳೇಶಪ್ಪನವರು ಸಹಿ ಮಾಡಿ ಮೊಹರು ಒತ್ತಿದರು. ವಾಹನ ದಕ್ಷವೆಂದೂ, ರಸ್ತೆಯೇ ತಪ್ಪು ಉದ್ದ ತೋರಿಸುತ್ತಿದೆಯೆಂದೂ ವರದಿ ಹೋಯಿತು.

ದುರುಗಣ್ಣನ ಖುಷಿ ಹೇಳತೀರದು. ಗಾಡಿ ಉಳಿಯಿತು! ಆ ಸಂಜೆ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಒಂದಲ್ಲ, ಮೂರು ರೌಂಡು ಹೊಡೆದ. ಗೀತಮ್ಮ ಹೊಸ್ತಿಲಲ್ಲಿ ನಿಂತು, “ಸಾಕು ಬರ್ರಿ, ಕೂಸಿಗೆ ಗಾಳಿ ಹತ್ತೀತು” ಎಂದು ನಗುತ್ತಾ ಕರೆದಳು.

ಮೇಲಿನ ಕಚೇರಿ ವರದಿಯನ್ನು ಒಪ್ಪಿತಷ್ಟೇ ಅಲ್ಲ, ಮೆಚ್ಚಿಕೊಂಡಿತು. ಉಪವಿಭಾಗದ ಎಲ್ಲ ದೂರಗಳನ್ನೂ ಪೆಟ್ರೋಲಿನಿಂದಲೇ ಅಳೆದು ಪರಿಷ್ಕರಿಸಲು ಅಪ್ಪಣೆಯಾಯಿತು. ತೆಲಿಗಿ ದೂರ ಸರಿಯಿತು, ನೀಲಗುಂದ ಇನ್ನೂ ದೂರ ಸರಿಯಿತು. ಇಟ್ಟಿಗಿ ನೂರು ಕಿಲೋಮೀಟರ್ ದಾಟಿ ಕಚೇರಿಯ ವ್ಯಾಪ್ತಿಯಿಂದಲೇ ಹೊರಗೆ ಹೋಯಿತು. ಆ ಜೂನಿನಲ್ಲಿ ಇಟ್ಟಿಗಿಯಲ್ಲಿ ಎರಡು ದಿನ ಹಳ್ಳ ತುಂಬುವಂಥ ಮಳೆ ಬಿತ್ತು. ಊರವರು ಕಾಗದ ಬರೆದಾಗ, “ಸದರಿ ಮಳೆಯು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಬಿದ್ದಿರುವುದಿಲ್ಲ” ಎಂದು ಉತ್ತರ ಹೋಯಿತು. ಅವರು ಉತ್ತರವನ್ನು ಓದಿಕೊಂಡು ಬಿತ್ತನೆಗೆ ಹೋದರು.

ಜುಲೈ ಒಂದರಂದು ನಾಗಲಿಂಗಮ್ಮನವರು ದುರುಗಣ್ಣನ ಕೈಗೆ ಒಂದು ಮೆಮೋ ಕೊಟ್ಟರು. ಕೇಂದ್ರಸ್ಥಾನದಿಂದ ಇಪ್ಪತ್ತೈದು ಕಿಲೋಮೀಟರಿಗಿಂತ ದೂರ ವಾಸಿಸುವ ನೌಕರರು ಕೂಡಲೇ ಕೇಂದ್ರಸ್ಥಾನಕ್ಕೆ ವಾಸ ಬದಲಿಸತಕ್ಕದ್ದು. ವಾಹನವನ್ನೂ ಅಲ್ಲಿಯೇ ಇಡತಕ್ಕದ್ದು. ಪರಿವೀಕ್ಷಕರು ನಲವತ್ತು ಕಿಲೋಮೀಟರ್ ದೂರದ ಕೊಟ್ಟೂರಿನಲ್ಲಿ ವಾಸಿಸುತ್ತಿರುವುದು ಗಮನಕ್ಕೆ ಬಂದಿದೆ.

ದುರುಗಣ್ಣ ಓಡಿ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತ.

“ಸರ, ನನಗ ಸಣ್ಣ ಮಗಳು ಅದಾಳ್ರಿ. ನೀವೂ ಕೊಟ್ಟೂರಾಗ ಅದೀರಲ್ರಿ?”

“ನಾನು ಬಸ್ಸಿಗೆ ಬರಾಂವ. ಆದೇಶ ಆಗಿದ್ದು ಮೋಟಾರ್ ಸೈಕಲ್ಲಿನ ದೂರಕ್ಕ. ಬಸ್ಸಿನ ದೂರ ಮೊದಲಿನಷ್ಟೇ ಐತಿ.”

“ಹಂಗಾರ ನಾನೂ ಬಸ್ಸಿಗೇ ಹೋಗ್ತೀನ್ರಿ. ಒಂದೀಟು ಲಗೂ ಬಿಟ್ಟುಬಿಡ್ರಿ.”

“ಗಾಡಿ ಇದ್ದಾವ ಬಸ್ಸಿಗೆ ಹೋದ್ರ ಗಾಡಿ ಯಾಕ ಬೇಕು ಅಂತ ಮ್ಯಾಲಿನೋರು ಕೇಳ್ತಾರ. ಗಾಡಿ ಉಳಿಸಾಕ ನಾವೆಷ್ಟು ಒದ್ದಾಡಿವಿ ಅಂತ ನಿನಗ ಗೊತ್ತೈತಿ” ಎಂದು ಸಾಹೇಬರು ಪ್ರೀತಿಯಿಂದಲೇ ಹೇಳಿದರು. “ಹೋಗು, ಧೈರ್ಯವಾಗಿರು.”

ದುರುಗಣ್ಣ ಕೂಡ್ಲಿಗಿಯಲ್ಲಿ ಒಂದು ತಗಡಿನ ಕೋಣೆ ಹಿಡಿದ. ಭಾನುವಾರ ಕೇಂದ್ರಸ್ಥಾನ ಬಿಡಲು ಕೊಟ್ಟ ಅರ್ಜಿ ಪರಿಶೀಲನೆಯಲ್ಲಿತ್ತು. ಗಾಡಿ ರಾತ್ರಿ ಹೊತ್ತು ಕಚೇರಿಯೊಳಗೆ, ಸಾಹೇಬರ ಕುರ್ಚಿಯ ಪಕ್ಕದಲ್ಲಿ ನಿಲ್ಲುತ್ತಿತ್ತು.

ಆದರೆ ಮಧ್ಯಾಹ್ನದ ಊಟ ಕೊಟ್ಟೂರಿನಲ್ಲೇ ಉಳಿದಿತ್ತಲ್ಲ! ಹೀಗಾಗಿ ಕೊಟ್ಟೂರಿನ ಮಳೆಮಾಪಕವನ್ನು ಪ್ರತಿದಿನ ಹನ್ನೊಂದು ಗಂಟೆಗೆ ತಪ್ಪದೆ ತಪಾಸಣೆ ಮಾಡಬೇಕೆಂದು ಹೊಸ ಆದೇಶ ಬಂತು. ಸಾಹೇಬರ ಮನೆಗೆ ಹೋಗುವ ದಾರಿ ದುರುಗಣ್ಣನ ಮನೆಯ ಮುಂದೆಯೇ ಹಾಯುತ್ತದೆ. ಕರ್ತವ್ಯದ ಮೇಲಿರುವ ನೌಕರ ಸ್ವಂತ ಮನೆಯ ಹೊಸ್ತಿಲು ತುಳಿಯತಕ್ಕದ್ದಲ್ಲ, ಸದರಿ ಸ್ಥಳದಲ್ಲಿ ಇಂಜಿನ್ ಬಂದ್ ಮಾಡತಕ್ಕದ್ದಲ್ಲ, ವಾಹನದ ಮೇಲೆ ಮಕ್ಕಳನ್ನು ಕೂರಿಸತಕ್ಕದ್ದಲ್ಲ ಎಂದು ನಾಗಲಿಂಗಮ್ಮನವರು ಕೆಂಪು ಶಾಯಿಯಲ್ಲಿ ಸೇರಿಸಿದ್ದರು. ದುರುಗಣ್ಣ ಡಬ್ಬಿ ಇಸಕೊಂಡು ಬರುವಾಗ ಮನೆಯ ಮುಂದೆ ಒಂದು ಕಾಲು ನೆಲಕ್ಕೂರಿ, ಇಂಜಿನ್ ಗುರುಗುಟ್ಟಿಸುತ್ತಾ, ಒಂದು ನಿಮಿಷ ನಿಲ್ಲುತ್ತಿದ್ದ.

ಮೊದಲ ವಾರ ಗೀತಮ್ಮ, “ನಿಮ್ಮ ಕಚೇರಿಗೆ ಬೆಂಕಿ ಬೀಳ್ಲಿ! ಮನಿ ಮುಂದ ನಿಂತು ಒಳಗ ಬರಂಗಿಲ್ಲ ಅಂದ್ರ ಏನ್ರೀ ಇದು?” ಎಂದು ಕೂಗಾಡಿದಳು. ಕೊಟ್ರಮ್ಮ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು, ಎರಡು ದಿನ ಊಟ ಬಿಟ್ಟಳು. ಎರಡನೇ ವಾರ ಗೀತಮ್ಮ ಆದೇಶದ ಪ್ರತಿಯನ್ನು ಕೇಳಿ ಇಸಕೊಂಡು ಓದಿದಳು. ಆಗಸ್ಟ್ ಹೊತ್ತಿಗೆ ಎಲ್ಲರಿಗೂ ಒಗ್ಗಿಹೋಗಿತ್ತು.

ಒಂದು ದಿನ ಹೀಗೇ ನಿಂತಿದ್ದಾಗ ಕೊಟ್ರಮ್ಮ ಎರಡೂ ಕೈ ಚಾಚಿಕೊಂಡು ಗಾಡಿಯತ್ತ ಓಡಿ ಬಂದಳು. ಗೀತಮ್ಮ ಅವಳ ಲಂಗ ಹಿಡಿದು ನಿಲ್ಲಿಸಿದಳು.

“ಬ್ಯಾಡವ್ವ, ಅಲ್ಲಿಗೆ ಹೋಗಬಾರದು. ಅಪ್ಪ ನಲವತ್ತು ಕಿಲೋಮೀಟರ್ ದೂರ ಅದಾನ.”

ಮಗು ಎರಡು ಮಾರು ಆಚೆ ನಿಂತಿದ್ದ ಅಪ್ಪನ ಮುಖವನ್ನು ನೋಡಿತು. “ಹೌದೇನಪ್ಪಾ?” ಎಂದಿತು.

ದುರುಗಣ್ಣನಿಗೆ ಗಾಡಿ ಒಗೆದು ಇಳಿದುಬಿಡಲೇ ಎಂದು ಅನ್ನಿಸಿತು. ಆದರೆ ಸಹಿ ಆಗಿತ್ತು, ಮೊಹರು ಬಿದ್ದಿತ್ತು.

“ಹೌದವ್ವ” ಎಂದ. “ಭಾಳ ದೂರ ಅದೀನಿ.”

ಕೊಟ್ರಮ್ಮ ಸ್ವಲ್ಪ ಯೋಚಿಸಿ, ಅಷ್ಟು ದೂರದವರಿಗೆ ಕೇಳಿಸಲೆಂದು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಗಟ್ಟಿಯಾಗಿ ಕೂಗಿದಳು:

“ಅಪ್ಪಾ, ಹುಷಾರಾಗಿರು!”