ರಕ್ತ ತೆಳುಮಾಡುವ ಮಾತ್ರೆಯ ದರ್ಪವೂ ಹುಳುಮನೆಯ ತಕ್ಕಡಿಯೂ

ಸಾದಲಿ, 12-8-1993

ಮಾನ್ಯರಾದ ರಕ್ತ ತೆಳುಮಾಡುವ ಮಾತ್ರೆಯವರೇ,

ತಮ್ಮ ಪಾದ ಯಾವ ಕಡೆಗಿದೆಯೋ ತಿಳಿಯದ ಕಾರಣ ಸುತ್ತಲೂ ನಮಸ್ಕರಿಸಿ, ರೇಷ್ಮೆ ಹುಳು ಸಾಕುವ ರಾಮಾಂಜಿನಪ್ಪ ಬರೆದುಕೊಳ್ಳುವ ಅರಿಕೆ. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ನನ್ನ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದ ಡಾಕ್ಟರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಿದರೆ ಜೀವಕ್ಕೇ ಸಂಚಕಾರವೆಂದು ತಮ್ಮನ್ನು ಕಾವಲಿಗೆ ನೇಮಿಸಿ ಕಳಿಸಿದರು. ತಾವು ಕಡಲೆಕಾಳಿನಷ್ಟೂ ಇಲ್ಲ. ಆದರೂ ನಮ್ಮ ಮನೆಗೆ ಬಂದ ಅಧಿಕಾರಿಗಳಲ್ಲಿ ಇಷ್ಟು ದರ್ಪದವರನ್ನು ನಾನು ಕಂಡಿಲ್ಲ.

ಗಾಯವಾದರೆ ರಕ್ತ ಬೇಗ ನಿಲ್ಲದೆಂದು ನನ್ನ ಕ್ಷೌರದ ಕತ್ತಿ ಅಟ್ಟ ಸೇರಿತು. ಗಡ್ಡ ಬಿಟ್ಟುಕೊಂಡು ಸಹಿಸಿದೆ. ಆದರೆ ಸೊಪ್ಪು ಹೆಚ್ಚಾದರೆ ತಮ್ಮ ಬಲ ತಗ್ಗುತ್ತದೆಂದು ಡಾಕ್ಟರು ಹೇಳಿದ್ದೇ ತಡ, ನನ್ನ ಹೆಂಡತಿ ಅಕ್ಕಯ್ಯಮ್ಮ ಮಸ್ಸೊಪ್ಪು ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ದಿನವೂ ಮುದ್ದೆಗೆ ಸೊಪ್ಪು ಕಂಡ ದೇಹ ಇದು. ಎದುರಾಳಿ ಇಲ್ಲದೆ ತಾವು ಮೆರೆದಿದ್ದೇನು! ಹತ್ತನೆಯ ದಿನ ಬೇವಿನ ಕಡ್ಡಿ ಕಚ್ಚಿದರೆ ಬಾಯಿ ತುಂಬ ರಕ್ತ. ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕಯ್ಯಮ್ಮ ಅತ್ತಳು. ಸುಳ್ಳೇಕೆ, ನಾನೂ ಹೆದರಿದ್ದೆ.

ರಕ್ತ ಪರೀಕ್ಷಿಸಿ ತಮ್ಮನ್ನು ಅರ್ಧಕ್ಕೆ ಮುರಿದ ಡಾಕ್ಟರು, ಸೊಪ್ಪು ಬಿಡಬೇಕಿಲ್ಲ, ದಿನವೂ ಒಂದೇ ಅಳತೆಯಲ್ಲಿರಲಿ ಎಂದರು. ಅಳತೆ ಎಂಬ ಮಾತು ಹುಳು ಸಾಕುವವಳ ಕಿವಿಗೆ ಬೀಳಬಾರದಿತ್ತು. ಈಗ ಹುಳುಮನೆಯ ತಕ್ಕಡಿಯಲ್ಲಿ ಮೊದಲು ಹುಳುಗಳ ಹಿಪ್ಪುನೇರಳೆ ಸೊಪ್ಪು, ಆಮೇಲೆ ನನ್ನ ದಂಟಿನ ಸೊಪ್ಪು ತೂಗುತ್ತಾಳೆ. ಇನ್ನೊಂದು ಸೌಟು ಕೇಳಿದರೆ, “ಹುಳಾನೇ ಹಾಕಿದಷ್ಟು ತಿಂದ್ಕೊಂಡು ಸುಮ್ನಿರ್ತವೆ, ನಿಮ್ಗೇನ್ ಬಂದೈತೆ?” ಎನ್ನುತ್ತಾಳೆ.

ಆದುದರಿಂದ, ಸಕಲ ರಕ್ತನಾಳಗಳ ಒಡೆಯರಾದ ತಾವು ದೊಡ್ಡ ಮನಸ್ಸು ಮಾಡಿ ದಂಟಿನ ಸೊಪ್ಪಿನೊಂದಿಗೆ ರಾಜಿಯಾಗಬೇಕು. ಅದಾಗದಿದ್ದರೆ ಭಾನುವಾರ ನಾನು ಎರಡನೆಯ ಸಲ ಬಡಿಸಿಕೊಳ್ಳುವಾಗಲಾದರೂ ಮುಖ ಆ ಕಡೆ ತಿರುಗಿಸಿಕೊಳ್ಳಬೇಕು.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ರಾಮಾಂಜಿನಪ್ಪ

ಮರೆತಿದ್ದು: ಮುಂದಿನ ತಿಂಗಳು ತಮಗೆ ಈ ಕಾವಲಿನಿಂದ ಬಿಡುಗಡೆಯಂತೆ. ಆ ಸಂತೋಷದಲ್ಲಿ ನಿನ್ನೆ, ಇನ್ನು ತಕ್ಕಡಿ ಎತ್ತಿಡು ಎಂದೆ. ಅಕ್ಕಯ್ಯಮ್ಮ ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿಯಲ್ಲಿ ನನ್ನನ್ನೇ ಕೂರಿಸಿದಳು. ಆಸ್ಪತ್ರೆಯ ಚೀಟಿಯಲ್ಲಿದ್ದ ತೂಕಕ್ಕಿಂತ ನಾಲ್ಕು ಕಿಲೋ ಹೆಚ್ಚಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದರಲ್ಲಿ ಮಾತ್ರೆಯವರ ಪಾಲೆಷ್ಟು ಎಂದು ಕೇಳಿದೆ.

“ಅರ್ಧ ಮಾತ್ರೆಯಷ್ಟು” ಅಂದಳು.